ಒಂಬತ್ತು ಡಿಸೆಂಬರ್‌ಗಳ ಬಣ್ಣ

ಸೋಮವಾರ ಬೆಳಿಗ್ಗೆ ಆರೂವರೆಗೆ ರೋಸ್ಮೀರಾಳ ಅಡುಗೆಮನೆಯ ತಾರಸಿ ಕುಸಿಯಿತು. ಒಲೆಯ ಮೇಲೆ ಮೆಕ್ಕೆಜೋಳದ ರೊಟ್ಟಿ ಬೇಯುತ್ತಿತ್ತು. ಓಣಿಯವರೆಲ್ಲ ಸೇರಿ ಬರಿಗೈಯಲ್ಲೇ ಕಾಂಕ್ರೀಟು ಸರಿಸಿ ಅವಳನ್ನು ಹೊರತೆಗೆಯುವ ಹೊತ್ತಿಗೆ ಎಂಟು ಗಂಟೆ. ಉಸಿರಿರಲಿಲ್ಲ.

ಹತ್ತಕ್ಕೆಲ್ಲ ಪೊಲೀಸರು ಮೇಸ್ತ್ರಿ ಅಲ್ಬೇಯ್ರೊನನ್ನು ಹಿಡಿದುಕೊಂಡು ಹೋದರು. ಒಂಬತ್ತು ವರ್ಷದ ಹಿಂದೆ ಆ ಮನೆ ಕಟ್ಟಿದವನು ಅವನೇ. ಮುರಿದ ಕಂಬದ ಹೊಟ್ಟೆಯಲ್ಲಿ ಕಕ್ಕಸಿನ ಪೈಪು, ಅದಕ್ಕೆ ಜಾಗ ಮಾಡಲು ಕತ್ತರಿಸಿದ ಎರಡು ಸರಳು — ಸಾಕ್ಷಿ ಇನ್ನೇನು ಬೇಕು? ಮೆಡೆಲಿನ್ ನಗರದ ಆ ಗುಡ್ಡದ ಮೇಲೆ ಅರ್ಧಕ್ಕರ್ಧ ಮನೆಗಳು ಅವನ ಕೈಯವೇ. ಮಧ್ಯಾಹ್ನದೊಳಗೆ ಅವನ ಹೆಂಡತಿಯ ಮುಖಕ್ಕೆ ಯಾರೋ ಉಗಿದಿದ್ದರು.

ಪೊಲೀಸರು ಹೇಳಿಕಳಿಸಿ ನೂಬಿಯಾ ಬಂದದ್ದು ಆಗ. ಗೋಡೆ ತಟ್ಟಿ, ನೆಲಕ್ಕೆ ಕಿವಿಗೊಟ್ಟು, ಮನೆಯೊಳಗೆ ಅಡಗಿದ ರೋಗ ಹೇಳುವುದು ಅವಳ ಕಸುಬು. ಅವಳ ಪುಸ್ತಕದಲ್ಲಿ ಬರುವ ಗುರುವಾರದ ಪುಟದಲ್ಲಿ ಬರೆದಿತ್ತು: 'ರೋಸ್ಮೀರಾ. ಅಡುಗೆಮನೆ ಕಂಬ. ತೇವ, ಕೆಟ್ಟ ವಾಸನೆ.' ಎರಡು ವಾರದ ಹಿಂದೆಯೇ ಫೋನು ಮಾಡಿದ್ದಳು ಪಾಪ, ಬೇಗ ಬಂದು ನೋಡಕ್ಕ ಎಂದಿದ್ದಳು. ಸರದಿ ಪ್ರಕಾರ ಬರುತ್ತೇನೆ ಎಂದಿದ್ದಳು ನೂಬಿಯಾ. ಆ ಸರದಿ ನೆನೆದು ಈಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಕೇಸು ಮುಗಿದ ಹಾಗೇ ಮೇಡಂ," ಎಂದ ಸಾರ್ಜೆಂಟ್ ತಬಾರೆಸ್. "ವರದಿಗೆ ನಿಮ್ಮ ಸಹಿ ಬಿದ್ರೆ ಮೇಸ್ತ್ರಿಗೆ ಹತ್ತು ವರ್ಷ ಜೈಲೂಟ."

"ಅವನೇನಂತಾನೆ?"

"ಕಂಬದೊಳಗೆ ಪೈಪು ಹಾಕೋನು ಅಪ್ಪನಿಗೆ ಹುಟ್ಟಿದ ಮೇಸ್ತ್ರಿಯಲ್ಲ ಅಂತಾನೆ. ಸಿಕ್ಕಿಬಿದ್ದೋರೆಲ್ಲ ಹಂಗೇ ಅನ್ನೋದು."

ನೂಬಿಯಾ ಮುರಿದ ಕಂಬದ ತುಂಡುಗಳ ನಡುವೆ ಕುಕ್ಕರಗಾಲಲ್ಲಿ ಕೂತು, ಚೀಲದಿಂದ ಸಣ್ಣ ಉಳಿ ತೆಗೆದಳು. ಒಂದೊಂದೇ ಮೈ ಕೆರೆದು ನೋಡಿದಳು. ಆಮೇಲೆ ಎದ್ದು ಮಹಡಿಯ ವೈಮಾರ್‌ನನ್ನು ಕರೆದಳು. ಎರಡು ವರ್ಷದ ಹಿಂದೆ ರೋಸ್ಮೀರಾಳ ಗಂಡನಿಂದ ತಾರಸಿಯ ಮೇಲಿನ ಗಾಳಿಯನ್ನು, ಅಂದರೆ ಅಲ್ಲಿ ಕಟ್ಟಿಕೊಳ್ಳುವ ಹಕ್ಕನ್ನು ಕೊಂಡು, ಅಲ್ಲಿ ತನ್ನ ಮನೆ ಎಬ್ಬಿಸಿದವನು.

"ಪೈಪು ನಿಂದೇ ತಾನೆ?"

"ಕಕ್ಕಸು ನಂದು. ಪೈಪು ಇಳಿಸಿದ್ದು ನಾನಲ್ಲಕ್ಕ."

"ಮತ್ತೆ?"

"ನಾನು ಮನೆ ಮುಂದುಗಡೆ ಇಳಿಸ್ತೀನಿ ಅಂದಿದ್ದೆ. ರೋಸ್ಮೀರಾ ರಂಪ ಮಾಡಿದ್ಲು. ನಿನ್ನ ಹೊಲಸು ನನ್ನ ಮನೆ ಮೈಮೇಲೆ ಇಳೀಕೂಡದು, ಬೇಕಾದ್ರೆ ಗಾಳಿ ಬಿಟ್ಟು ದುಡ್ಡು ವಾಪಸು ತಗೊಂಡೋಗು ಅಂದ್ಲು. ಒಂದು ತಿಂಗಳು ಕೆಲಸ ನಿಲ್ಸಿದ್ದೆ. ಆಮೇಲೆ ನೋಡಿದ್ರೆ ತಾರಸಿ ಮೇಲೆ ಪೈಪಿನ ಬಾಯಿ ಇತ್ತು. ಮೇಸ್ತ್ರಿ ಆವತ್ತೇ ಬಿಟ್ಟಿದ್ದು, ಕಸದಡಿ ಮುಚ್ಚಿಹೋಗಿತ್ತು ಅಂದ್ರು ಅವಳ ಗಂಡ. ಜೋಡಿಸ್ಕೊಂಡೆ."

"ಒಳಗೆ ಹೋಗಿ ನೋಡಿದ್ಯಾ?"

"ಅವ್ರ ಅಡುಗೆಮನೆಗೆ ನಾನ್ಯಾಕೆ ಹೋಗ್ಲಿ? ನನ್ನ ಕಂಡ್ರೆ ಆಯಮ್ಮ ಬಾಗಿಲು ಹಾಕ್ಕೊಳ್ತಿದ್ಲು."

ತಬಾರೆಸ್ ಗಂಟಲು ಸರಿಮಾಡಿಕೊಂಡ. "ಇವನೂ ಮೇಸ್ತ್ರಿ ಕಡೆಗೇ ಬೆರಳು ತೋರಿಸ್ತಿದ್ದಾನೆ ಮೇಡಂ."

ರೋಸ್ಮೀರಾಳ ಗಂಡ ಹಿಲ್ದಾರ್ದೊ ರಸ್ತೆಯ ಮೆಟ್ಟಿಲ ಮೇಲೆ ಕೂತಿದ್ದ. ತಲೆಗೂದಲೆಲ್ಲ ಸಿಮೆಂಟಿನ ಧೂಳು. ಯಾರೋ ಕೊಟ್ಟ ಕಾಫಿ ಕೈಯಲ್ಲೇ ಆರಿತ್ತು. ನೂಬಿಯಾ ಪಕ್ಕದಲ್ಲಿ ಕೂತಳು. ಕೇಳಲು ಮನಸ್ಸೇ ಬರಲಿಲ್ಲ. ಆದರೆ ಅಲ್ಲಿ ಠಾಣೆಯಲ್ಲಿ ಒಬ್ಬ ಮನುಷ್ಯನ ಬದುಕು ಕೂತಿತ್ತು.

"ಪೈಪು ಯಾವತ್ತಿಂದು ಯಜಮಾನ್ರೆ?"

"ಮನೆ ಕಟ್ಟಿದಾಗಿಂದು. ಮುಂದೆ ಮೇಲೆ ಕಟ್ತೀರಲ್ಲ, ಇರ್ಲಿ ಅಂತ ಬಿಟ್ಟಿದ್ದ ಆ ಪಾಪಿ. ಅವನನ್ನ ಬಿಡ್ಬೇಡಿ."

"ಮನೆ ಚೆನ್ನಾಗಿಟ್ಕೊಂಡಿದ್ರು ರೋಸ್ಮೀರಾ. ಡಿಸೆಂಬರಿಗೆ ಬಣ್ಣ ಬಳೀತಿದ್ರಲ್ವಾ?"

ಆ ಗುಡ್ಡದಲ್ಲಿ ಬಳಿಯದವರು ಯಾರು? ಹೊಟ್ಟೆಗೆ ಕಡಿಮೆಯಾದರೂ ಕ್ರಿಸ್‌ಮಸ್ಸಿಗೆ ಒಳಗೂ ಹೊರಗೂ ಹೊಸ ಬಣ್ಣ ಬೀಳಲೇಬೇಕು.

"ಒಂದು ವರ್ಷಾನೂ ತಪ್ಪಿಸ್ಲಿಲ್ಲ," ಎಂದ ಹಿಲ್ದಾರ್ದೊ. "ಹೋದ ಸಲ ಗಿಳಿಹಸಿರು."

"ಅದ್ರ ಹಿಂದೆ?"

"ಪಪ್ಪಾಯಿ ಬಣ್ಣ."

"ಅದ್ರ ಹಿಂದೆ?"

"ಆಕಾಶನೀಲಿ. ಅದಕ್ಕೂ ಹಿಂದೆ ಹಳದಿ. ಯಾಕೆ?"

"ಎಲ್ಲಾ ವರ್ಷವೂ ಅವರೇ ಬಳಿದ್ರಾ?"

"ಅವಳೇ. ಒಂದು ಸಲ ಮಾತ್ರ... ಅಕ್ಕನ ಬಾಣಂತನಕ್ಕೆ ಅಂತ ಸಮುದ್ರದ ಕಡೆ ಹೋಗಿದ್ಲು, ಮೂರು ವಾರ. ಆ ಸಲ ನಾನು ಬಳಿದೆ."

"ಯಾವ ಬಣ್ಣ?"

ಅವನು ಲೋಟದ ಕಡೆ ನೋಡಿದ.

"ಪಪ್ಪಾಯಿ."

ನೂಬಿಯಾ ಎದ್ದು, ಮುರಿದ ಕಂಬದ ಎರಡು ಚೂರುಗಳನ್ನು ತಂದು ಸಾರ್ಜೆಂಟನ ಕೈಗಿಟ್ಟಳು.

"ಎರಡೂ ಒಂದೇ ಕಂಬದ್ದು. ಇದು ಹಿಂದಿನ ಮೈ. ಅಂಚು ನೋಡಿ. ಬಣ್ಣ ಎಣಿಸಿ."

ತಬಾರೆಸ್ ಕಣ್ಣು ಕಿರಿದು ಮಾಡಿ ಉಗುರಿನಿಂದ ಎಣಿಸಿದ. ಹಸಿರು, ಪಪ್ಪಾಯಿ, ನೀಲಿ, ಹಳದಿ... "ಒಂಬತ್ತು."

"ಒಂಬತ್ತು ಡಿಸೆಂಬರ್. ಇನ್ನೊಂದು, ಪೈಪು ಮುಚ್ಚಿದ್ದ ಮೈ."

"ಹಸಿರು. ಪಪ್ಪಾಯಿ." ಅವನು ಚೂರನ್ನು ಬೆಳಕಿಗೆ ಹಿಡಿದ. "ಆಮೇಲೆ ಬರೀ ಸಿಮೆಂಟು."

"ಮೇಸ್ತ್ರಿ ಒಂಬತ್ತು ವರ್ಷದ ಹಿಂದೆ ಪೈಪಿಟ್ಟಿದ್ರೆ ಉಳಿದ ಏಳು ಬಣ್ಣ ಎಲ್ಲಿ ಹೋದ್ವು? ನೀವೆಲ್ಲ ಸರಳು ನೋಡಿದ್ರಿ, ಪೈಪು ನೋಡಿದ್ರಿ. ಬಣ್ಣ ಯಾರೂ ನೋಡ್ಲಿಲ್ಲ."

"ಕಂಬ ಒಡೆದದ್ದು ವೈಮಾರ್ ಯಾಕಿರಬಾರ್ದು?"

"ಅಡುಗೆಮನೆಯೊಳಗೆ, ಮಷೀನಿನಲ್ಲಿ ಸರಳು ಕೊಯ್ದು, ಹೊಸ ಗಾರೆ ಮೆತ್ತಿದ್ದಾರೆ. ಆ ಹಸಿ ಗಾರೆ ಮೇಲೆ ಬಿದ್ದ ಮೊದಲ ಬಣ್ಣ ಪಪ್ಪಾಯಿ. ಅದನ್ನ ಬಳಿದ ಕೈಗೆ ಕೆಳಗೇನಿದೆ ಅಂತ ಗೊತ್ತಿರ್ಲೇಬೇಕು." ನೂಬಿಯಾ ಮೆಟ್ಟಿಲ ಕಡೆ ತಿರುಗಿದಳು. "ಬಳಿದೋರು ಯಾರು ಅಂತ ಅವರೇ ಹೇಳಿದ್ರಲ್ಲ. ಹೆಂಡತಿ ಪೈಪು ಬೇಡ ಅಂದ್ಲು, ಗಾಳಿ ಮಾರಿದ್ದು ಮುರಿದುಬೀಳ್ತಿತ್ತು. ಅವಳು ಊರಲ್ಲಿಲ್ಲದಾಗ ಕಂಬ ಕೊಯ್ದು ಬಣ್ಣ ಹೊಡೆದ್ರು. ಇವತ್ತು ಹೆಣ ಬಿದ್ದ ಮೇಲೆ ಮೇಸ್ತ್ರಿ ತಲೆ ಮೇಲೆ ಗೂಬೆ ಕೂರಿಸಿದ್ರು."

ಹಿಲ್ದಾರ್ದೊ ಲೋಟವನ್ನು ಮೆಟ್ಟಿಲ ಮೇಲಿಟ್ಟ.

"ಎರಡು ಸರಳು ಹೋದ್ರೆ ಎರಡು ಉಳಿಯುತ್ತಲ್ಲ ಅಂದ್ಕೊಂಡೆ," ಎಂದ.

"ವಾಸನೆ ಬರ್ತಿದೆ ಅಂತ ಅವರು ಹೇಳ್ಲಿಲ್ವಾ?"

"ಹೇಳಿದ್ಲು. ಇಲಿ ಸತ್ತಿರ್ಬೇಕು ಅಂದೆ."

ತಬಾರೆಸ್ ಠಾಣೆಗೆ ಫೋನು ಹಚ್ಚಿ, ಮೇಸ್ತ್ರಿಯನ್ನು ಬಿಡಲು ಹೇಳಿದ. ಆಮೇಲೆ ಹಿಲ್ದಾರ್ದೊನ ತೋಳು ಹಿಡಿದ. ಅವನು ಕೊಸರಲಿಲ್ಲ, ಎದ್ದು ನಿಂತು, ನೂಬಿಯಾಳಿಗೆ ಮಾತ್ರ ಕೇಳುವಂತೆ ಹೇಳಿದ:

"ಬಸ್ಸಿಳಿದು ಬಂದು ಮನೆ ನೋಡಿ ಅತ್ತುಬಿಟ್ಲು ಮೇಡಂ, ಖುಷಿಗೆ. ನನಗೋಸ್ಕರ ಮೊದಲ್ನೇ ಸಲ ಬ್ರಶ್ ಹಿಡಿದ್ರಲ್ಲ ಅಂತ ಓಣಿಗೆಲ್ಲ ಹೇಳ್ಕೊಂಡು ಬಂದ್ಲು. ಆಮೇಲೆ ಹೆಂಗೆ ಹೇಳ್ಲಿ?"