ಬೆನ್ನ ಮೇಲಿನ ಕೈ

ಭಾನುವಾರದ ಮಧ್ಯಾಹ್ನ. ಸಾಂ-ಕ್ಲೂ ಉದ್ಯಾನದ ಹುಲ್ಲಿನ ಮೇಲೆ ಅರ್ಧ ಪ್ಯಾರಿಸ್ಸೇ ಕಾಲು ಚಾಚಿ ಕೂತಿತ್ತು. ಚಿತ್ರಗಾರ ಬಾಸ್ಟಿಯೆನ್ ಮಾತ್ರ ಮರದ ಹಿಂದೆ, ಕಂಕುಳಲ್ಲಿ ಒಂದು ಹಾಳೆ ಇಟ್ಟುಕೊಂಡು, ಹಾಲು ಕದ್ದ ಬೆಕ್ಕಿನ ಹಾಗೆ ನಿಂತಿದ್ದ.

ಎದುರಿಗೆ ಬಟ್ಟೆ ಒಗೆಯುವ ಹೆಂಗಸರ ಗುಂಪು. ಅವರ ನಡುವೆ ಪೆರಿನ್, ಇತ್ತ ಬೆನ್ನು ಮಾಡಿ. ಆ ಬೆನ್ನನ್ನು ಅವನು ಕಣ್ಣು ಮುಚ್ಚಿಯೂ ಬರೆಯಬಲ್ಲ. ವಸಂತ ಪೂರ್ತಿ ಅವಳು ಹೀಗೇ ಕೂತು ಅವನ ಕೆಂಪು ಸೀಮೆಸುಣ್ಣಕ್ಕೆ ಚಿತ್ರವಾಗಿದ್ದಳು.

"ಮುಗೀತಾ? ಕತ್ತು ನೋಯ್ತಿದೆ" ಎಂದು ಓರೆಗಣ್ಣಲ್ಲಿ ನೋಡುತ್ತಿದ್ದಳು. ಮುಗಿದಿದ್ದರೂ ಅವನು "ಇನ್ನೂ ಸ್ವಲ್ಪ" ಅನ್ನುತ್ತಿದ್ದ.

ಅವನು ಮಾಡಿದ್ದು ಚಿತ್ರಗಾರರೆಲ್ಲ ಮಾಡುವುದೇ. ಒಂದೊಂದು ದಿನ ಒಬ್ಬೊಬ್ಬರನ್ನು ಬರೆದಿಟ್ಟು, ಆಮೇಲೆ ಒಂದೇ ಹಾಳೆಯಲ್ಲಿ ಬೇಕಾದವರ ಪಕ್ಕ ಬೇಕಾದವರನ್ನು ಕೂರಿಸುವುದು. ಪೆರಿನ್ ಪಕ್ಕ ಒಬ್ಬ ನಾಟಕದವನನ್ನು ಕೂರಿಸಿದ. ಅವನ ಕೈ ಅವಳ ಬೆನ್ನ ಮೇಲೆ ಬಂತು. ಹಬ್ಬದ ಬೆಳಿಗ್ಗೆ ಎಳೆಯ ಚಿತ್ರಗಾರರೆಲ್ಲ ದೊಫೀನ್ ಚೌಕದ ಬಯಲಲ್ಲಿ ಚಿತ್ರ ನೇತುಹಾಕುವಾಗ ಇದನ್ನೂ ನೇತುಹಾಕಿದ. ಒಗೆಯುವ ಹೆಂಗಸರು ಕತ್ತಿನ ಮಚ್ಚೆ ನೋಡಿಯೇ ಅವಳ ಗುರುತು ಹಿಡಿದರು. ಪಾಪ, ಪೆರಿನ್ ಆ ನಾಟಕದವನ ಮುಖವನ್ನೇ ಕಂಡಿರಲಿಲ್ಲ.

ಬಾಸ್ಟಿಯೆನ್ ಹತ್ತಿರ ಹೋದ. ನಾಚಿಕೆಯಿಂದ ಕಿವಿ ಸುಡುತ್ತಿತ್ತು.

"ಬಂದ್ರಪ್ಪ ಮೊಸ್ಯೂ," ಎಂದಳು ದಪ್ಪ ಜಾಕೋತ್. "ಈ ಸಲ ನನ್ ಪಕ್ಕ ಯಾರನ್ನ ಕೂರಿಸ್ತೀರಿ? ಸಿಪಾಯಿ ಆದ್ರೆ ಮೀಸೆ ಇರ್ಲಿ."

ಎಲ್ಲರೂ ನಕ್ಕರು. ಪೆರಿನ್ ತಿರುಗಲಿಲ್ಲ.

"ಚಿತ್ರ ಇಳಿಸ್ಕೊಂಡು ಬಂದಿದೀನಿ," ಎಂದ ಅವಳ ಬೆನ್ನಿಗೆ. "ನೀನೇ ಹರಿದುಬಿಡು."

"ಹರಿದ್ರೆ ಊರ ಬಾಯಿ ಮುಚ್ಚುತ್ತಾ? ದಿನಾ ನದೀಲಿ 'ನಿನ್ ನಾಟಕದವ್ನು ಹೇಗಿದಾನೆ' ಅಂತಾರೆ. ನಿನ್ನೆ ನಮ್ಮಮ್ಮನೂ ಕೇಳಿದ್ಲು. ತಲೆ ಎತ್ತೋ ಹಾಗಿಲ್ಲ ನಂಗೆ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ.

ಈಗ ಅವಳು ತಿರುಗಿದಳು. ಕಣ್ಣು ಕೆಂಪಾಗಿತ್ತು. "ಒಂದು ಹೇಳಿ ಮೊಸ್ಯೂ. ಯಾವನದೋ ಕೈ ಯಾಕೆ ಇಟ್ರಿ?"

"ನನ್ ಕೈ ಇಡೋಕೆ ಧೈರ್ಯ ಇರ್ಲಿಲ್ಲ." ಹಾಳೆಯನ್ನು ಅವಳ ಮುಂದೆ ಚಾಚಿದ. "ಆಸೆ ನಂದು. ಹೇಳೋಕಾಗ್ದೆ ಅವನ ಕೈಲಿ ತೀರಿಸ್ಕೊಂಡೆ. ಚಿತ್ರಕ್ಕಿಂತ ಅದಕ್ಕೇ ನಂಗೆ ಹೆಚ್ಚು ನಾಚಿಕೆ."

ಪೆರಿನ್ ಹಾಳೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಮಡಿಲಲ್ಲಿದ್ದ ಬ್ರೆಡ್ ಮುರಿದು, ಒಳಗಿನ ಮೆತ್ತನೆ ಭಾಗ ಅವನ ಕೈಗಿಟ್ಟಳು.

"ತಪ್ಪು ಗೆರೆ ಅಳಿಸೋಕೆ ವಸಂತ ಪೂರ್ತಿ ನನ್ನ ಊಟದ ಬ್ರೆಡ್ಡೇ ಖರ್ಚು ಮಾಡ್ದೆ ನೀನು. ಇದನ್ನೂ ಅಳಿಸು."

ಅವಳು 'ನೀನು' ಅಂದದ್ದು ಇದೇ ಮೊದಲು. ಅವನು ಉಜ್ಜತೊಡಗಿದ. ನಾಟಕದವನ ಟೋಪಿ ಹೋಯಿತು, ಮುಖ ಹೋಯಿತು. ಬೆನ್ನ ಮೇಲಿನ ಕೈ ಮಾತ್ರ ಎಷ್ಟು ಉಜ್ಜಿದರೂ ತೆಳ್ಳಗೆ ಕೆಂಪಾಗಿ ಉಳಿಯಿತು.

"ಪೂರ್ತಿ ಹೋಗಲ್ಲ," ಎಂದ ತಲೆ ತಗ್ಗಿಸಿ.

"ಗೊತ್ತು." ಅವಳು ಲಂಗ ಸರಿಸಿ ಜಾಗ ಮಾಡಿದಳು. "ಕೂತ್ಕೊ. ಅದು ಯಾರ ಕೈ ಅಂತ ಎಲ್ರೂ ನೋಡ್ಲಿ."

ಅವನು ಕೂತ. ಕಿವಿ ಇನ್ನೂ ಸುಡುತ್ತಲೇ ಇತ್ತು. ಅವಳ ರವಿಕೆ ಅಚ್ಚ ಬಿಳುಪು. ತನ್ನ ಬೆರಳ ತುಂಬ ಕೆಂಪು.

"ಕೊಳೆಯಾಗುತ್ತೆ," ಎಂದ ಮೆಲ್ಲಗೆ.

"ಆಗ್ಲಿ. ಒಗೆಯೋಳು ನಾನೇ ಅಲ್ವಾ?"