ಸ್ಕೂಟರ್ ಆಂಟಿಯ ತಂಗಿ ಮಗಳು

“ಬ್ಯಾಗು ಹೇಗಮ್ಮ ಬಿಗಿಯಾಗುತ್ತೆ?”

ಗುಂಡ ಸ್ಕೂಲ್ ಬ್ಯಾಗನ್ನು ಬೆನ್ನಿಗೇರಿಸಿಕೊಂಡು ಕನ್ನಡಿಯ ಮುಂದೆ ಗಿರಗಿರ ತಿರುಗುತ್ತಾ ಕೇಳಿದ.

“ಸ್ಕೂಟರ್ ಆಂಟಿ ಹಾಗೇ ಅಲ್ವಾ ಹೇಳಿದ್ದು? ಅವರ ತಂಗಿ ಮಗಳಿಗೆ ಬಿಗಿಯಾಯ್ತಂತೆ. ಸುಮ್ನೆ ಹಾಕ್ಕೋ,” ಅಂದಳು ಅಮ್ಮ.

“ಹಾಗಾದ್ರೆ ಆ ಹುಡುಗಿ ಆನೆ ಥರ ಇರ್ಬೇಕು!”

ಅವನ ಅಕ್ಕ ಚೂಟಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಂದು ಕಡೆ ಕೂರದ ಹುಡುಗಿಗೆ ಇಟ್ಟ ಹೆಸರು ಅದು. ಅವಳ ಕಾಲಿನ ಶೂ ಕೂಡ ಆ ತಂಗಿ ಮಗಳದ್ದೇ. ಶೂ ಮನೆಗೆ ಬಂದ ದಿನ ಅಮ್ಮ ಅದನ್ನು ತಿರುಗಿಸಿ, ಅಡಿಯನ್ನು ಬೆರಳಲ್ಲಿ ಸವರಿ, ಏನೂ ಹೇಳದೆ ಕೆಳಗಿಟ್ಟಿದ್ದಳು. ಅದಕ್ಕೂ ಮೊದಲು ಒಂದು ಸ್ವೆಟರ್ ಬಂದಿತ್ತು. ಆಮೇಲೆ ಒಂದು ಕೊಡೆ. ಕೊಡೆಯೂ ಬಿಗಿಯಾಗಿತ್ತಂತೆ!

ಸ್ಕೂಟರ್ ಆಂಟಿ ಯಾರು ಅಂತ ಆ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮೂಲೆಯಲ್ಲಿ ಪಾಳುಬಿದ್ದಿದ್ದ ಗ್ಯಾರೇಜನ್ನು ತಾವೇ ಗುಡಿಸಿ, ಒಂದು ಹಳೆಯ ಹೊಲಿಗೆ ಮಷಿನ್ ತಂದಿಟ್ಟವರು ಅವರು. ಈಗ ಅಲ್ಲಿ ಮಷಿನ್ನುಗಳ ಸಾಲೇ ಇದೆ. ಹಗಲು ಅಮ್ಮಂದಿರು ಹೊಲಿಗೆ ಕಲಿತು ಸಂಪಾದಿಸುತ್ತಾರೆ. ಸಂಜೆ ಮಕ್ಕಳು ಬಟ್ಟೆ ಚೂರುಗಳ ನಡುವೆ ಕೂತು ಹೋಂವರ್ಕ್ ಮಾಡುತ್ತಾರೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಮಾತೇ ಮರೆತವಳ ಹಾಗಿದ್ದಳು. ಈಗ ಕಾಲಲ್ಲಿ ಮಷಿನ್ ತುಳಿಯುತ್ತಾ ಹಾಡು ಗುನುಗುತ್ತಾಳೆ. ಆ ಹಾಡು ಕೇಳಿದಾಗಲೆಲ್ಲ ಚೂಟಿಗೆ ಆಂಟಿಯನ್ನು ಓಡಿಹೋಗಿ ತಬ್ಬಿಕೊಳ್ಳಬೇಕು ಅನ್ನಿಸುತ್ತಿತ್ತು.

ಆದರೆ ಅಮ್ಮನದು ಒಂದೇ ಹಟ. “ಕೈಕಾಲು ಗಟ್ಟಿ ಇರೋವಾಗ ಪುಕ್ಕಟೆ ಯಾಕೆ ತಗೋಬೇಕು?” ಅನ್ನುತ್ತಿದ್ದಳು. ಯಾರೋ ಹೊಸ ಬಟ್ಟೆ ಕೊಟ್ಟಾಗ ಮಡಿಕೆ ಕೆಡದ ಹಾಗೆ ವಾಪಸ್ ಕೊಟ್ಟು ಬಂದಿದ್ದಳು. ಒಬ್ಬರಿಗೆ ಚಿಕ್ಕದಾದದ್ದನ್ನು ಇನ್ನೊಬ್ಬರು ಹಾಕಿಕೊಳ್ಳುವುದಾದರೆ ಮಾತ್ರ ಅವಳ ತಕರಾರಿಲ್ಲ.

ಅವತ್ತು ಸಂಜೆ ಚೂಟಿ ದಾರದುಂಡೆ ತರಲು ಗ್ಯಾರೇಜಿನ ಹಿಂಬದಿಗೆ ಹೋದಳು. ಅಲ್ಲಿ ಸ್ಕೂಟರ್ ಆಂಟಿ ಕುಕ್ಕರುಗಾಲಲ್ಲಿ ಕೂತಿದ್ದರು. ಕೈಯಲ್ಲಿ ಗುಂಡನ ಕಾಲಿನಳತೆಯ, ಫಳಫಳ ಹೊಳೆಯುವ ಹೊಸ ಶೂ. ಅದರ ಅಡಿಯನ್ನು ಕಲ್ಲಿಗೆ ಪರಪರ ಉಜ್ಜುತ್ತಿದ್ದರು!

ಪಕ್ಕದಲ್ಲಿ ನಿಂತಿದ್ದ ಹೊಲಿಗೆ ಟೀಚರ್ ನಗುತ್ತಿದ್ದರು. “ನಿಮಗೆ ತಂಗೀನೇ ಇಲ್ಲ. ತಂಗಿ ಮಗಳು ಎಲ್ಲಿಂದ ಬಂದ್ಲು ಮೇಡಂ?”

“ಶ್! ಮೆತ್ತಗೆ! ಹೊಸದು ಅಂದ್ರೆ ಚೂಟಿ ಅಮ್ಮ ಮುಟ್ತಾರಾ?”

ಚೂಟಿ ದಾರದುಂಡೆಯನ್ನೂ ಮರೆತು ಹಾಗೇ ಹಿಂದೆ ಸರಿದಳು.

ಗುಟ್ಟು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಚೂಟಿಗೆ ಬಾರದ ವಿದ್ಯೆ. ರಾತ್ರಿ ಊಟವೂ ಸರಿಯಾಗಿ ಸೇರಲಿಲ್ಲ. ಅಮ್ಮನಿಗೆ ತಿಳಿದರೆ? ತನ್ನ ಕಾಲಿನ ಶೂ ವಾಪಸ್ ಹೋದರೆ ಹೋಗಲಿ, ಸ್ಕೂಲಿನ ರನ್ನಿಂಗ್ ರೇಸನ್ನು ಬರಿಗಾಲಲ್ಲೇ ಓಡಬಹುದು. ಆದರೆ ಅಮ್ಮ ಸಿಟ್ಟಾಗಿ ಗ್ಯಾರೇಜಿಗೆ ಹೋಗುವುದನ್ನೇ ಬಿಟ್ಟುಬಿಟ್ಟರೆ? ಆ ಹಾಡು?

“ಆ ಹುಡುಗಿಗೆ ನಾವೂ ಏನಾದ್ರೂ ಕೊಡ್ಬೇಕು ಕಣೆ,” ಅಂದಳು ಅಮ್ಮ ಇದ್ದಕ್ಕಿದ್ದಂತೆ. “ಒಂದು ಕೋಟು ಹೊಲೀತೀನಿ.”

“ಬೇಡಮ್ಮಾ! ಅದೂ ಬಿಗಿಯಾಗಿಬಿಡುತ್ತೆ!”

“ಆಗದ ಹಾಗೆ ಹೊಲೀತೀನಿ ಬಿಡು.”

ಮರುದಿನ ಗ್ಯಾರೇಜಿನಲ್ಲಿ ಅಮ್ಮ, “ಬೆನ್ನ ಮೇಲೆ ದೂಳು, ತಡೀರಿ,” ಎಂದು ಆಂಟಿಯ ಹಿಂದೆ ನಿಂತಳು. ಒಂದು ಭುಜದಿಂದ ಇನ್ನೊಂದು ಭುಜದವರೆಗೆ ಗೇಣು ಬಿಡಿಸಿ ಬಿಡಿಸಿ ಒರೆಸಿದಳು. ಆಮೇಲೆ ತೋಳುದ್ದಕ್ಕೂ ಒರೆಸಿದಳು. ಆಂಟಿಯ ಹಳೇ ಕೋಟಿನ ಮೊಣಕೈ ಹರಿದು, ಒಳಗಿನ ಸ್ವೆಟರ್ ಇಣುಕುತ್ತಿತ್ತು. ದೂಳು ಮಾತ್ರ ಚೂಟಿಯ ಕಣ್ಣಿಗೆ ಬೀಳಲಿಲ್ಲ.

ಕೆಲವು ದಿನ ಕಳೆದು ಅಮ್ಮ ಪೇಪರಿನಲ್ಲಿ ಸುತ್ತಿದ ಕೋಟನ್ನು ಹಿಡಿದು ಹೊರಟಳು. ಗುಂಡ ಗ್ಯಾರೇಜಿನ ಹೊರಗೇ ಆಂಟಿಯ ಸ್ಕೂಟರ್ ಏರಿ ಡುರ್‍ರ್ ಅನ್ನುತ್ತಾ ಕೂತ. ಚೂಟಿ ಉಗುರು ಕಚ್ಚುತ್ತಾ ಅಮ್ಮನ ಹಿಂದೆ ಒಳಗೆ ಹೋದಳು.

“ನಿಮ್ಮ ತಂಗಿ ಮಗಳನ್ನ ಕರೀರಿ ಮೇಡಂ. ನಾನೇ ಕೋಟು ಹಾಕಿ ನೋಡ್ತೀನಿ.”

ಆಂಟಿಯ ಮುಖ ಬಿಳಿಚಿಕೊಂಡಿತು. “ಅವಳು... ಊರಿಗೆ ಹೋಗಿದ್ದಾಳೆ.”

“ಅವಳಿಗೆ ಜ್ವರ ಅಮ್ಮ!” ಚೂಟಿಯೂ ಅದೇ ಹೊತ್ತಿಗೆ ಕೂಗಿದಳು.

ಆಂಟಿ ಚೂಟಿಯನ್ನು ನೋಡಿದರು. ಚೂಟಿ ನೆಲ ನೋಡಿದಳು. ಹೊಲಿಗೆ ಟೀಚರಿಗೆ ಒಮ್ಮೆಗೇ ಕೆಮ್ಮು ಬಂತು.

“ಅಯ್ಯೋ ಪಾಪ. ಊರಿಗೆ ಹೋಗಿ ಜ್ವರ ಬಂತಾ?” ಅಮ್ಮ ಪೇಪರ್ ಬಿಚ್ಚಿ ಕೋಟು ಕೊಡವಿದಳು. ಅದು ಯಾವ ಹುಡುಗಿಯ ಕೋಟೂ ಆಗಿರಲಿಲ್ಲ. “ನಾನು ಸ್ವಲ್ಪ ದೊಡ್ಡದಾಗೇ ಹೊಲಿದುಬಿಟ್ಟೆ. ಅವಳಿಗೆ ಸಡಿಲ ಆಗುತ್ತೋ ಏನೋ. ಸಡಿಲ ಆದ್ರೆ ನೀವೇ ಹಾಕ್ಕೊಳ್ಳಿ.”

ಆಂಟಿ ಹಳೇ ಕೋಟು ಬಿಚ್ಚಿ ಹೊಸದನ್ನು ತೊಟ್ಟರು. ಭುಜ ಹೇಳಿ ಮಾಡಿಸಿದ ಹಾಗೆ ಕೂತಿತು. ತೋಳು ಸರಿಯಾಗಿ ಮಣಿಕಟ್ಟಿಗೆ ಬಂದು ನಿಂತಿತು. ಯಾವಾಗಲೂ ಪಟಪಟ ಮಾತಾಡುವ ಆಂಟಿ ಅಮ್ಮನ ಎರಡೂ ಕೈಗಳನ್ನು ಹಿಡಿದುಕೊಂಡು ನಿಂತುಬಿಟ್ಟರು. ಅವರ ಕಣ್ಣು ತುಂಬಿತ್ತು, ಅಮ್ಮನದೂ.

ಚೂಟಿ ಅಮ್ಮನನ್ನೇ ನೋಡಿದಳು. ಇಲ್ಲದ ದೂಳು ನೆನಪಾಯಿತು. ಶೂವಿನ ಅಡಿಯನ್ನು ಸವರಿ ಸುಮ್ಮನಾದ ಬೆರಳು ನೆನಪಾಯಿತು. ಎಷ್ಟೋ ದಿನದಿಂದ ಎದೆಯ ಮೇಲಿದ್ದ ಭಾರ ಇಳಿದು ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಮನೆಗೆ ಹೋಗುವ ದಾರಿಯಲ್ಲಿ ಗುಂಡ ಕೇಳಿದ: “ಆ ಹುಡುಗಿಗೆ ಕೋಟು ಬಿಗಿಯಾಯ್ತಾ?”

ಅಮ್ಮ ಚೂಟಿಯ ಕಡೆ ನೋಡಿದಳು.

“ಇಲ್ಲ ಕಣೋ,” ಅಂದಳು ಚೂಟಿ, ಅಮ್ಮನ ಕೈ ಹಿಡಿದುಕೊಂಡು. “ಈ ಸಲ ಸಡಿಲ ಆಯ್ತಂತೆ.”