ನಕ್ಷೆಯಲ್ಲಿಲ್ಲದ ಮಹಡಿ

ಮಗಳ ಎರಡನೇ ಜಡೆಯನ್ನು ಅರ್ಧ ಹೆಣೆದಿದ್ದಳು, ಅಷ್ಟರಲ್ಲಿ ಗೋಡೆ ‘ಟಕ್’ ಎಂದಿತು.

ಬೆರಳುಗಳು ಕೂದಲಲ್ಲೇ ನಿಂತವು. ಹಜಾರದ ಆ ಗೋಡೆಯ ಮೇಲೆ, ಸೂರಿನ ಮೂಲೆಯಿಂದ ಓರೆಯಾಗಿ ಇಳಿದಿದ್ದ ಬಿರುಕಿಗೆ ಅಡ್ಡಲಾಗಿ ಗಾರೆಯವನು ಒಂದು ಗಾಜಿನ ಪಟ್ಟಿ ಅಂಟಿಸಿ ಹೋಗಿದ್ದ. “ಗಾಜು ಇದ್ದಂಗೇ ಇದ್ರೆ ಗೋಡೆ ನಿಂತಿದೆ ಅಂತ ತಿಳ್ಕೊಳಿ ಅಕ್ಕ. ಒಡೀತು ಅಂದ್ರೆ ಗೋಡೆ ನಡೀತಾ ಇದೆ ಅಂತ,” ಎಂದಿದ್ದ. ಈಗ ಗಾಜಿನ ನಡುವೆ ಕೂದಲಿನಷ್ಟು ತೆಳ್ಳನೆಯ ಗೆರೆ ಮೂಡಿತ್ತು.

“ಅಮ್ಮ, ಜಡೆ,” ಎಂದಳು ಗುಬ್ಬಿ.

“ಇರು ಕಂದ.”

ಹಿಡಿದ ಮೂರು ಎಳೆ ಬಿಡದೆ ಜಡೆ ಮುಗಿಸಿದಳು. ರಿಬ್ಬನ್ ಕಟ್ಟಿದಳು. ಮಗಳನ್ನು ಶಾಲೆಯ ಗೇಟಿನೊಳಗೆ ಬಿಟ್ಟು ಬಂದ ಮೇಲೆಯೇ ಅವಳು ಕೂತು ಅತ್ತದ್ದು. ಅದೂ ಹೆಚ್ಚು ಹೊತ್ತಲ್ಲ. ಹೊಲಿಗೆ ಮೆಷಿನ್ನಿನ ಮೇಲೆ ಯಾರದೋ ಮದುವೆಯ ಬಟ್ಟೆಗಳು ಕಾಯುತ್ತಿದ್ದವು.

ಆ ಮನೆಯನ್ನು ಅವರಿಗೆ ಮಾರಿದವನು ಬೆಳ್ಳಿ ಮೀಸೆಯ, ಜೇನಿನಂಥ ಮಾತಿನ ಮುದುಕ. ಆಗ ಗುಬ್ಬಿ ಇನ್ನೂ ಹೊಟ್ಟೆಯಲ್ಲಿದ್ದಳು. “ಬಸುರಿ ಹೆಣ್ಣುಮಗಳು, ಮೆಟ್ಟಿಲು ಹತ್ತಬೇಡಮ್ಮ, ಕೆಳಗೇ ಕೂತ್ಕೋ,” ಎಂದು ಕುರ್ಚಿ ಎಳೆದು ಕೊಟ್ಟಿದ್ದ. ಮಹಡಿಯನ್ನು ಅವಳು ಸರಿಯಾಗಿ ನೋಡಲಿಲ್ಲ. ಗಂಡ ನೋಡಿದ, ಆದರೆ ಕಿಟಕಿಯ ಗಾಳಿಗೆ ಮರುಳಾಗಿ ಬಂದ. ಈ ಮನೆಯಲ್ಲಿ ಜನ ವಾಸ ಮಾಡಬಹುದು ಎಂದು ನಗರ ಕಚೇರಿ ಕೊಡುವ ವಾಸಯೋಗ್ಯ ಪತ್ರದ ಮಾತು ಬಂದಾಗ ಮುದುಕ, “ಅದಾ? ಮುಂದಿನ ವಾರ ಬರುತ್ತೆ,” ಎಂದ. ಆ ವಾರ ಇವತ್ತಿಗೂ ಬಂದಿಲ್ಲ. ಬರುವಂತೆಯೂ ಇರಲಿಲ್ಲ. ನಗರ ಕಚೇರಿಯ ನಕ್ಷೆಯಲ್ಲಿ ಮನೆಗೆ ಮಹಡಿಯೇ ಇಲ್ಲ! ಒಂದು ಅಂತಸ್ತಿಗೆಂದು ಎದ್ದ ಬಡಕಲು ಗೋಡೆಗಳ ಮೇಲೆ ಮುದುಕ ಯಾರನ್ನೂ ಕೇಳದೆ ಎರಡು ಕೋಣೆ ಹೊರಿಸಿದ್ದ. ಮಹಡಿಯನ್ನು ಇಳಿಸಿಕೊಳ್ಳಿ, ಇಲ್ಲವೇ ಮನೆ ಖಾಲಿ ಮಾಡಿ ಎಂದು ಕಚೇರಿಯವರು ಬಂದು ಹೇಳಿ ಹೋಗಿದ್ದರು. ಇಳಿಸಲು ಕೈಯಲ್ಲಿ ಕಾಸಿಲ್ಲ, ಖಾಲಿ ಮಾಡಿದರೆ ತಲೆಯ ಮೇಲೆ ಸೂರಿಲ್ಲ.

ಮುದುಕನ ಮೇಲಿನ ಸಿಟ್ಟನ್ನು ಅವಳು ಇಷ್ಟು ವರ್ಷ ಕೆಂಡದ ಹಾಗೆ ಬೂದಿ ಮುಚ್ಚಿ ಕಾಪಾಡಿಕೊಂಡು ಬಂದಿದ್ದಳು. ಆ ಬೆಳಿಗ್ಗೆ, ರವಿಕೆಯೊಂದರ ತೋಳನ್ನು ಬಿಚ್ಚಿ ಮತ್ತೆ ಹೊಲಿಯುತ್ತಿದ್ದಾಗ, ಕೆಂಡ ತಾನಾಗಿಯೇ ಉಪಯೋಗಕ್ಕೆ ಬಂತು. ಅವನು ಕೆಟ್ಟವನಾಗಿದ್ದ, ಸರಿ. ಆದರೆ ಅವನು ಈ ಮನೆಯಿಂದ ಹೊರಗೆ ಹೋದ. ಹೋಗುವ ದಾರಿ ಹೇಗೆಂದು ತೋರಿಸಿಕೊಟ್ಟೇ ಹೋದ.

ಗಂಡ ಅಚ್ಚುಮನೆಯಲ್ಲಿ ಕೆಲಸ ಮಾಡುವವನು. ಮಧ್ಯಾಹ್ನ ಊಟಕ್ಕೆ ಬಂದು ತಟ್ಟೆಯ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದ ಅವನನ್ನು ಮೊಣಕೈಯಿಂದ ತಿವಿದು ಮನೆ ಮಾರುವ ವಿಷಯ ಹೇಳಿದಳು. ಅವನ ನಿದ್ದೆ ಹಾರಿಹೋಯಿತು.

“ಇದ್ದದ್ದು ಇದ್ದ ಹಾಗೆ ಹೇಳೇ ಮಾರೋಣ ಕಣೆ. ಕಮ್ಮಿಗೆ ಹೋದ್ರೆ ಹೋಗ್ಲಿ.”

“ಹೇಳಿದ್ರೆ ಕಮ್ಮಿಗಲ್ಲ, ಪುಕ್ಕಟೆ ಕೊಟ್ರೂ ಯಾರೂ ತಗೊಳ್ಳಲ್ಲ. ನಮಗೆ ಆ ಮುದುಕ ಹೇಳಿದ್ನಾ?”

“ಅವನು ಪಾಪಿ ಅಂತ ನೀನೇ ಬಯ್ತಿದ್ದೆ.”

“ಈಗ್ಲೂ ಬಯ್ತೀನಿ. ಪಾಪಿಯಾದ್ರೂ ಬದುಕಿದಾನಲ್ಲ?”

ಅವನು ಅನ್ನದಲ್ಲಿ ಬೆರಳಾಡಿಸಿದ. ಗೋಡೆಯ ಕಡೆ ನೋಡಿದ. ಆಮೇಲೆ, “ಆ ವಾಸಯೋಗ್ಯ ಪತ್ರದ ಕಾಗದ ನಮ್ಮ ಅಚ್ಚುಮನೇಲಿ ಸಿಗುತ್ತೆ,” ಎಂದ, ಎಂಜಲು ಕೈಗೆ ಹೇಳುವವನಂತೆ.

ಅಲ್ಲಿಂದಾಚೆ ಅವಳು ಒಂದೊಂದು ಹೊಲಿಗೆ ಹಾಕುತ್ತಾ ಹೋದಳು. ಹರಿದ ಬಟ್ಟೆಯನ್ನು ಹರಿದೇ ಇಲ್ಲವೆನ್ನುವಂತೆ ಮಾಡಿಕೊಡುವುದರಲ್ಲಿ ಅವಳದು ಎತ್ತಿದ ಕೈ. ಅದರ ಗುಟ್ಟು ಅವಳಿಗೆ ಚೆನ್ನಾಗಿ ಗೊತ್ತು: ತೇಪೆ ಹೊಸದಾಗಿ ಕಾಣಬಾರದು, ಸುತ್ತಲಿನ ಬಟ್ಟೆಯಷ್ಟೇ ಹಳೆಯದಾಗಿ ಕಾಣಬೇಕು.

ಪತ್ರವನ್ನು ಗಂಡ ಅಚ್ಚು ಮಾಡಿ ತಂದ. ಸಹೋದ್ಯೋಗಿಯೊಬ್ಬನ ಮನೆಯ ಅಸಲಿ ಪತ್ರ ನೋಡಿ ಮುದ್ರೆ, ಸಹಿ, ಗೆರೆ ಎಲ್ಲವನ್ನೂ ಇಳಿಸಿದ್ದ. “ಕಾಗದ ನಿಜ, ಶಾಯಿ ನಿಜ, ಅಕ್ಷರಾನೂ ನಿಜ. ಮಾತು ಮಾತ್ರ ಸುಳ್ಳು,” ಎಂದು ನಕ್ಕ. ಅವಳು ನಗಲಿಲ್ಲ. ಪತ್ರವನ್ನು ಮಡಚಿ ಅಕ್ಕಿ ಡಬ್ಬದ ಕೆಳಗೆ ಇಟ್ಟಳು. ಹೊರಗೆ ತೆಗೆದಾಗ ಮಡಿಕೆಗಳಲ್ಲಿ ಹಿಟ್ಟು ಕೂತು, ಅದು ಮನೆಯಲ್ಲೇ ಹುಟ್ಟಿ ಬೆಳೆದ ಕಾಗದದಂತೆ ಕಾಣುತ್ತಿತ್ತು.

ಗೋಡೆಗೆ ಹೊಸ ಬಣ್ಣ ಬಳಿಯುವುದು ದಡ್ಡರ ಕೆಲಸ. ಹೊಸ ಬಣ್ಣ ಕಂಡರೆ ಕೊಳ್ಳುವವರ ಮೂಗು ಚುರುಕಾಗುತ್ತದೆ. ಅವಳು ಗಾಜಿನ ಪಟ್ಟಿ ಕಿತ್ತು, ಬಿರುಕಿಗೆ ಸುಣ್ಣದ ಗಸಿ ತುಂಬಿ, ಚಹಾ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದಳು. ಆಮೇಲೆ ಮಗಳನ್ನು ಕರೆದು ಬಣ್ಣದ ಕಡ್ಡಿಗಳ ಡಬ್ಬಿ ಕೈಗಿತ್ತು, “ಈ ಗೋಡೆ ನಿಂದು, ಏನು ಬೇಕಾದ್ರೂ ಬರಿ,” ಎಂದಳು. ಗೋಡೆಯ ಮೇಲೆ ಗೀಚಿದ್ದಕ್ಕೆ ಪೆಟ್ಟು ತಿಂದು ಬೆಳೆದ ಗುಬ್ಬಿ ನಂಬಲಾರದೆ ತಾಯಿಯ ಮುಖ ನೋಡಿದಳು. ಬಿರುಕಿನ ಉದ್ದಕ್ಕೂ ರೈಲು ಹಳಿ ಬರೆದಳು. ಹಳಿಯ ಮೇಲೆ ರೈಲು, ರೈಲಿನ ಕಿಟಕಿಗಳಲ್ಲಿ ಬೆಕ್ಕುಗಳು. ಎಂಥ ಇಂಜಿನಿಯರಿಗೂ ಅಲ್ಲಿ ಒಂದು ತುಂಟ ಮಗು ಕಾಣುತ್ತದೆಯೇ ಹೊರತು ಬಿರುಕು ಕಾಣುವುದಿಲ್ಲ. ಅವಳಿಗೆ ತನ್ನ ಬುದ್ಧಿಯ ಬಗ್ಗೆ ಹೆಮ್ಮೆಯೆನಿಸಿತು. ಮಗಳ ಕೆನ್ನೆಗೆ ಮುತ್ತಿಟ್ಟಳು.

ಎದುರಿಗಿದ್ದ ಲೇತ್ ಅಂಗಡಿಯ ಗದ್ದಲಕ್ಕೆ ಅವಳು ಮೊದಲೆಲ್ಲ ಶಾಪ ಹಾಕುತ್ತಿದ್ದಳು. ಈಗ ಅದೂ ನೆರವಿಗೆ ಬಂತು. ಬೆಳಿಗ್ಗೆ ಯಂತ್ರ ಶುರುವಾದರೆ ಊಟದ ಹೊತ್ತಿನವರೆಗೆ ಗೋಡೆ ಏನು ಗೊಣಗಿದರೂ ಯಾರ ಕಿವಿಗೂ ಬೀಳದು. ನೋಡಲು ಬರುವವರಿಗೆಲ್ಲ ಆ ಹೊತ್ತನ್ನೇ ಕೊಟ್ಟಳು.

ಇನ್ನು ಬೇಕಾದದ್ದು ಸರಿಯಾದ ಕೊಳ್ಳುವವರು. ಈ ವಿಷಯದಲ್ಲಿ ಅವಳು ಅವಸರ ಮಾಡಲಿಲ್ಲ. ಬ್ಯಾಂಕಿನ ಸಾಲದವರು ಬೇಡ, ಬ್ಯಾಂಕು ಕಾಗದದ ಬೇರಿನವರೆಗೂ ಅಗೆಯುತ್ತದೆ. ಮನೆಯಲ್ಲಿ ಕೆಲಸವಿಲ್ಲದೆ ಕೂತ ಗಂಡಸರಿರುವವರು ಬೇಡ, ಅಂಥವರು ನಲ್ಲಿ ತಿರುಗಿಸುತ್ತಾರೆ, ಜಂತಿ ಎಣಿಸುತ್ತಾರೆ, ಪರಿಚಯದ ಇಂಜಿನಿಯರನ್ನು ಕರೆತರುತ್ತಾರೆ. ಹೀಗೆ ಜರಡಿ ಹಿಡಿದ ಮೇಲೆ ಉಳಿದವಳು ಆ ನರ್ಸಮ್ಮ. ಗಂಡ ಹಡಗಿನಲ್ಲಿ, ವರ್ಷಕ್ಕೊಮ್ಮೆ ಬರುವವನು. ಹಣ ಅವನು ಕೂಡಿಟ್ಟದ್ದು, ಸಾಲದ ಗೊಡವೆಯಿಲ್ಲ. ನರ್ಸಮ್ಮನಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ನಗರ ಕಚೇರಿ ತೆರೆದಿರುವ ಹೊತ್ತಿನಲ್ಲಿ ಅವಳು ನಿದ್ದೆಯಲ್ಲಿರುತ್ತಾಳೆ. ಮನೆಯಲ್ಲಿ ಉಳಿದವರು ಅತ್ತೆ ಮತ್ತು ಒಂದು ಮಗು. ದೇವರೇ ಹುಡುಕಿ ಕಳಿಸಿದ ಹಾಗಿತ್ತು.

ಮೊದಲ ಸಲ ಬಂದಾಗ ಅತ್ತೆ ಕುಂಬಳಕಾಯಿ ಕೊಳ್ಳುವವಳಂತೆ ಗೋಡೆಗಳನ್ನೆಲ್ಲ ಬೆರಳ ಗೆಣ್ಣಿನಿಂದ ತಟ್ಟುತ್ತಾ ಬಂದಳು. ರೈಲಿನ ಮುಂದೆ ನಿಂತಳು.

“ಇದ್ಯಾರು ಬರೆದಿದ್ದು? ರೈಲಿನ ತುಂಬಾ ಬೆಕ್ಕುಗಳು! ಟಿಕೆಟ್ ತಗೊಂಡಿದಾವಾ?”

“ಬೆಕ್ಕುಗಳಿಗೆ ಫ್ರೀ ಅಜ್ಜಿ,” ಎಂದಳು ಗುಬ್ಬಿ. ಮುದುಕಿ ನಕ್ಕು, ತಟ್ಟುವುದನ್ನು ಮರೆತು ಮುಂದೆ ಹೋದಳು.

ನರ್ಸಮ್ಮ ಹೆಗಲ ಮೇಲೆ ಮಲಗಿದ್ದ ಮಗುವಿನ ಜೊತೆ ಮಹಡಿ ಹತ್ತಿದಳು. ಕಿಟಕಿಯ ಬಳಿ ನಿಂತು ಕಣ್ಣು ಮುಚ್ಚಿ ಗಾಳಿ ಕುಡಿದಳು.

“ತೊಟ್ಟಿಲು ಇಲ್ಲೇ ಹಾಕ್ತೀನಿ ಅಕ್ಕ. ಈಗಿರೋ ಮನೇಲಿ ಸೆಖೆ, ಪಾಪುಗೆ ಮೈಯೆಲ್ಲ ಬೊಕ್ಕೆ. ನೀವು ಇಂಥ ಗಾಳಿ ಬಿಟ್ಟು ಹೇಗೆ ಹೋಗ್ತೀರಿ?”

“ಅವರ ಕೆಲಸ ದೂರ ಆಗುತ್ತಮ್ಮ. ಇಲ್ಲಾಂದ್ರೆ ಯಾರು ಬಿಡ್ತಿದ್ರು?”

ಮಗುವಿನ ಹಿಮ್ಮಡಿ ಶಾಲಿನಿಂದ ಹೊರಗೆ ಇಣುಕುತ್ತಿತ್ತು, ಇನ್ನೂ ನೆಲ ಮೆಟ್ಟದ ಹಿಮ್ಮಡಿ. ಗುಬ್ಬಿಯ ತಾಯಿ ಅದನ್ನು ನೋಡಿದಳು. ಕೈ ತಾನಾಗಿಯೇ ಮುಂದೆ ಹೋಗಿ ಶಾಲನ್ನು ಎಳೆದು ಮುಚ್ಚಿತು. ನನ್ನ ಮಗುವೂ ಇಷ್ಟೇ ಇತ್ತು, ಆಗ ಯಾರು ಕೇಳಿದರು, ಎಂದು ತನಗೆ ತಾನೇ ಹೇಳಿಕೊಂಡಳು. ಕಿಟಕಿಯ ಇನ್ನೊಂದು ಬಾಗಿಲನ್ನೂ ತೆರೆದಿಟ್ಟಳು.

ಕೆಳಗೆ ಬಂದಾಗ ಗುಬ್ಬಿ ನರ್ಸಮ್ಮನ ಸೆರಗು ಹಿಡಿದಳು. “ಆಂಟಿ, ಒಂದು ಕೇಳ್ಲಾ?”

“ಗುಬ್ಬಿ, ಅಜ್ಜಿಗೆ ನೀರು ತಂದ್ಕೊಡು,” ಎಂದು ತಾಯಿ ನಡುವೆ ಬಂದಳು.

ಅವರು ಹೋದ ಮೇಲೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಬಯ್ಯಲಿಲ್ಲ. ಬಯ್ದರೆ ಮಕ್ಕಳು ಗುಟ್ಟನ್ನು ಮುಖದಲ್ಲಿ ಹೊತ್ತು ತಿರುಗುತ್ತಾರೆ. “ಏನೋ ಕೇಳೋಕೆ ಹೋದ್ಯಲ್ಲ, ಗೋಡೆ ಬಿರುಕಿನ ವಿಷಯಾನಾ?”

“ಅಲ್ಲಮ್ಮ. ಅದು ಹೇಳಬಾರದು ಅಂದಿದೀಯಲ್ಲ.”

“ಗಾಜು ಒಡೆದಿದ್ದಾ? ಆಫೀಸಿನವರು ಬಂದಿದ್ದಾ?”

“ಅದೂ ಅಲ್ಲ.”

“ಜಾಣೆ,” ಎಂದು ತಲೆ ಸವರಿದಳು. ಇವು ಮೂರು ಅಲ್ಲದಿದ್ದರೆ ಇನ್ನೇನು, ಗೊಂಬೆಯದೋ ಬೆಕ್ಕಿನದೋ ಇರಬೇಕು. ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು. ಎದ್ದು ಹೋದಳು.

ಒಪ್ಪಂದದ ದಿನವೂ ಲೇತ್ ಗದ್ದಲವಿರುವ ಹೊತ್ತನ್ನೇ ಗೊತ್ತು ಮಾಡಿದ್ದಳು. ನರ್ಸಮ್ಮ ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದಳು. ಕಣ್ಣು ಕೆಂಪಗಾಗಿದ್ದವು. ಎದುರಿಗೆ ಕೂತ ಗಂಡನ ಕಣ್ಣುಗಳೂ ಹಾಗೇ ಇದ್ದವು. “ನಿಮ್ದೂ ರಾತ್ರಿ ಪಾಳಿನಾ ಅಣ್ಣ?” ಎಂದು ನರ್ಸಮ್ಮ ಕನಿಕರದಿಂದ ಕೇಳಿದಳು. “ಅಚ್ಚಿನ ಕೆಲಸ ನೋಡಿ, ಕಣ್ಣಿಗೆ ಕಷ್ಟ,” ಎಂದು ಹೆಂಡತಿಯೇ ಉತ್ತರಿಸಿದಳು. ವಾಸಯೋಗ್ಯ ಪತ್ರ ಕೈಯಿಂದ ಕೈಗೆ ಹೋಯಿತು. ನರ್ಸಮ್ಮ ಮುದ್ರೆಯ ಮೇಲೆ ಬೆರಳಾಡಿಸಿ, ಮಡಿಕೆಯ ಹಿಟ್ಟನ್ನು ಮೆಲ್ಲಗೆ ಊದಿದಳು. “ಇದೊಂದು ಇದ್ರೆ ಮನಸ್ಸಿಗೆ ನೆಮ್ಮದಿ. ಇದಿಲ್ಲದ ಮನೆ ತಗೊಂಡು ನಮ್ಮ ವಾರ್ಡಿನ ಒಬ್ಬಳು ಬೀದಿಗೆ ಬಿದ್ಲು.”

“ಅಯ್ಯೋ ಪಾಪ,” ಎಂದಳು ಅವಳು, ಮನಸಾರೆ.

ಅತ್ತೆ ಮೊಮ್ಮಗನನ್ನು ಕಾಲ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು. ನರ್ಸಮ್ಮ ಪೆನ್ನಿನ ಮುಚ್ಚಳ ತೆಗೆದಳು. ಗುಬ್ಬಿ ಅಷ್ಟು ಹೊತ್ತೂ ಬಾಗಿಲ ಬಳಿ ನಿಂತು, ಮಲಗಿದ ಮಗುವನ್ನೂ ಅದರ ಅಜ್ಜಿಯನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡುತ್ತಿದ್ದಳು.

“ಆಂಟಿ...” ಎಂದು ಶುರು ಮಾಡಿ ತಾಯಿಯ ಮುಖ ನೋಡಿ ನಿಲ್ಲಿಸಿದಳು.

“ಏನಮ್ಮ ಇದು, ಮಗು ಬಾಯಿಗೆ ಬೀಗ ಹಾಕಿದೀರಾ?” ಎಂದಳು ಅತ್ತೆ, ಅರ್ಧ ತಮಾಷೆಗೆ. “ಅವತ್ತೂ ಏನೋ ಕೇಳೋಕೆ ಬಂದು ಕೇಳಲಿಲ್ಲ.”

ಇಂಥ ಹೊತ್ತಿನಲ್ಲಿ ತಡೆದರೇ ಅನುಮಾನ. ಹೇಳಬಾರದ್ದು ಮೂರೂ ಮಗಳಿಗೆ ಬಾಯಿಪಾಠವಾಗಿವೆ, ಭಯವಿಲ್ಲ. ಅವಳು ಹಗುರವಾಗಿ ನಕ್ಕಳು. “ಬೀಗ ಯಾಕೆ ಅಮ್ಮಾ? ಕೇಳು ಗುಬ್ಬಿ, ಏನು ಬೇಕೋ ಕೇಳು.”

ಪೆನ್ನಿನ ಮೊನೆ ಕಾಗದದ ಮೇಲೆ ಕೂತಿತ್ತು. ಗುಬ್ಬಿ ಹತ್ತಿರ ಬಂದು ಮಗುವಿನ ಪುಟ್ಟ ಹಿಮ್ಮಡಿಯನ್ನು ಒಂದು ಬೆರಳಿಂದ ಮುಟ್ಟಿದಳು. ಹುಟ್ಟಿದಂದಿನಿಂದ ಈ ಮನೆಯ ಹೊರತು ಬೇರೆಲ್ಲೂ ಒಂದು ರಾತ್ರಿಯೂ ಮಲಗದ ಹುಡುಗಿ ಅವಳು. ಎಲ್ಲ ಮನೆಗಳಲ್ಲೂ ಹೀಗೇ ಎಂದುಕೊಂಡವಳು. ಇಷ್ಟು ದಿನ ಅವಳನ್ನು ಕಾಡಿದ್ದು ಆ ಮಗುವಿನ ಚಿಂತೆ ಮಾತ್ರ. “ನಮ್ಮನೇಲಿ ರಾತ್ರಿ ಮೊದಲು ಅಮ್ಮ ಕೂರ್ತಾಳೆ, ಆಮೇಲೆ ಅಮ್ಮ ಮಲಗಿ ಅಪ್ಪ ಕೂರ್ತಾನೆ,” ಎಂದಳು. “ನಿಮಗೆ ರಾತ್ರಿ ಆಸ್ಪತ್ರೆ, ಅಂಕಲ್ ಹಡಗಲ್ಲಿ, ಅಜ್ಜಿಗೆ ನಿದ್ದೆ ಬಂದ್ಬಿಡುತ್ತೆ. ಹಾಗಾದ್ರೆ ಆಂಟಿ, ಮಹಡಿ ಬೀಳೋ ಸದ್ದು ಬಂದ್ರೆ ಪಾಪುನ ಎತ್ಕೊಂಡು ಬೀದಿಗೆ ಓಡೋಕೆ ರಾತ್ರಿಯೆಲ್ಲ ಎಚ್ಚರ ಕೂರೋರು ಯಾರು?”